ಹನ್ನೊಂದನೆಯ ಕಾರಿನ ಸದ್ದು

ಹನ್ನೊಂದು ಕಾರುಗಳಿಗೆ ನಾನು ತಪ್ಪು ಸದ್ದು ಹಾಕಿಕೊಟ್ಟೆ. ಹತ್ತನ್ನು ಕೆಲವೇ ತಿಂಗಳಲ್ಲಿ ವಾಪಸ್ ಕರೆಸಿ ಸರಿಮಾಡಿದೆ. ಹನ್ನೊಂದನೆಯದು ಬೆಳಗಾವಿಯ ಸದಾಶಿವನಗರದಲ್ಲಿ, ನಾನು ಬಸ್ಸಿಗೆ ನಡೆದುಹೋಗುವ ದಾರಿಯಲ್ಲೇ, ಒಬ್ಬ ವಕೀಲರ ಮನೆಯ ಗೇಟಿನೊಳಗೆ ನಾಲ್ಕು ವರ್ಷ ಹಾಗೆಯೇ ಇತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಗೇಟು.

ಮೂವತ್ತೆರಡಕ್ಕೆ ನಿವೃತ್ತಿ ಎಂದರೆ ಮನೆಯಲ್ಲಿ ನಗುತ್ತಾರೆ. ಆದರೆ ನಾನು ಕೆಲಸ ಬದಲಿಸಿದ್ದಲ್ಲ, ಯಾರೂ ನನ್ನನ್ನು ತೆಗೆದುಹಾಕಿದ್ದೂ ಅಲ್ಲ. ಆ ಕೆಲಸ ಮಾಡುವ ಅರ್ಹತೆ ನನಗೆ ಮುಗಿಯಿತು. ಅದಕ್ಕೆ ಬೇರೆ ಪದ ಗೊತ್ತಿಲ್ಲ.

ಕೆಲಸ ಏನೆಂದು ಮೊದಲು ಹೇಳಬೇಕು. ಕರೆಂಟಿನ ಕಾರು ನಿಧಾನವಾಗಿ ಹೋಗುವಾಗ ಸದ್ದೇ ಮಾಡುವುದಿಲ್ಲ. ವೇಗ ಹೆಚ್ಚಿದರೆ ಟೈರಿನ ಸದ್ದಾದರೂ ಇರುತ್ತದೆ. ಓಣಿಯಲ್ಲಿ, ಸಂತೆಯಲ್ಲಿ, ಗೇಟಿನ ಮುಂದೆ ಅದೂ ಇಲ್ಲ. ನಡೆದು ಹೋಗುವವರಿಗೆ ಗೊತ್ತಾಗಲೆಂದು ಮುಂದಿನ ಬಂಪರಿನ ಹಿಂದೆ ಒಂದು ಸ್ಪೀಕರ್ ಇಟ್ಟು, ಅದರಿಂದ ಸಣ್ಣ ಸದ್ದೊಂದು ಬರುವಂತೆ ಮಾಡುತ್ತಾರೆ. ಕೆಲವು ಕಾರುಗಳಿಗೆ ಕಂಪನಿಯೇ ಹಾಕಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇಲ್ಲದವಕ್ಕೆ ಹಾಕುವುದು, ಇದ್ದವನ್ನು ಬದಲಿಸುವುದು ನಮ್ಮ ಕೆಲಸ. ಊರಂಚಿನ ಮಚ್ಛೆಯಲ್ಲಿ ತಗಡಿನ ಶೆಡ್ಡು. ಎಡಕ್ಕೆ ಪಕ್ಕದವರ ಲೇತ್ ಯಂತ್ರಗಳು, ಬಲಕ್ಕೆ ಇನ್ನೊಬ್ಬರ ತಗಡು ಒತ್ತುವ ಪ್ರೆಸ್ಸು. ಸದ್ದಿನ ಬಗ್ಗೆ ಸೂಕ್ಷ್ಮ ಕೆಲಸ ಮಾಡಲು ಬೆಳಗಾವಿಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ.

ಶೆಡ್ಡಿನ ಮಾಲೀಕರು ಪದ್ಮಣ್ಣ. ಅರವತ್ತು ದಾಟಿದವರು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಈ ಕೆಲಸಕ್ಕೂ ಮುಂಚೆ ಮೂವತ್ತು ವರ್ಷ ಲಾರಿಗಳ ವೈರಿಂಗ್ ಮಾಡಿ, ಹಾರ್ನ್ ಕೂರಿಸಿದವರು. ರಿವರ್ಸ್ ಹೋಗುವಾಗ ಹಾಡು ಹೇಳುವ ಡಬ್ಬಿಗಳು ಅವರ ಡ್ರಾಯರಿನಲ್ಲಿ ಇನ್ನೂ ಇದ್ದವು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹೋದ ಮೊದಲ ದಿನ ತರಂಗ, ಆವರ್ತನ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ತಮ್ಮ ಪಾಠವನ್ನು ಎರಡು ಮಾತಿನಲ್ಲಿ ಮುಗಿಸಿದರು.

“ಹಾರ್ನ್ ಅಂದ್ರ ಸಿಟ್ಟು, ತಂಗಿ. ಇದು ಸಿಟ್ಟಲ್ಲ. ಮಂದಿ ಮನಿಯೊಳಗ ಕಾಲಿಡೂ ಮುಂದ ಬಾಗಲದಾಗ ನಿಂತು ಕೆಮ್ಮತಾರಲ್ಲ, ಅಷ್ಟ.”

ಏಳು ವರ್ಷದಲ್ಲಿ ನಾನು ಓದಿದ ಯಾವ ಪುಸ್ತಕವೂ ಅದಕ್ಕಿಂತ ಸರಿಯಾಗಿ ಹೇಳಲಿಲ್ಲ.

ಗಿರಾಕಿಗಳಿಗೆ ಮಾತ್ರ ಕೆಮ್ಮು ಬೇಕಿರಲಿಲ್ಲ. ಒಬ್ಬರಿಗೆ ಬುಲೆಟ್ ಗಾಡಿಯ ಸದ್ದು ಬೇಕು, ಇನ್ನೊಬ್ಬರಿಗೆ ಮಗಳ ಮದುವೆ ಮುಗಿಯುವವರೆಗೆ ಶಹನಾಯಿ. ರಾಮತೀರ್ಥ ನಗರದ ಒಬ್ಬರು, ತಮ್ಮ ತಿರುವಿಗೆ ಬಂದ ಕೂಡಲೇ ಹೆಂಡತಿಗೆ ಕೇಳಿಸಿ ಗೇಟು ತೆರೆಯುವಂತಿರಬೇಕು ಎಂದರು. ಅದೇ ವಾರ ಅವರ ಹೆಂಡತಿ ಫೋನ್ ಮಾಡಿ, ಕೇಳಿಸದ ಹಾಗೆ ಮಾಡಿಕೊಡಲು ಸಾಧ್ಯವೇ ಎಂದು ವಿಚಾರಿಸಿದರು. ಬಹಳ ಜನ ಬರುತ್ತಿದ್ದದ್ದು ಸದ್ದು ಜಾಸ್ತಿಯಾಯಿತು ಎಂಬ ದೂರಿನೊಂದಿಗೆ. ಓಣಿಯ ನಾಯಿಗಳು ಬೊಗಳುತ್ತವೆ, ಮಧ್ಯಾಹ್ನ ಮಲಗಿದವರು ಏಳುತ್ತಾರೆ. ಪೂರ್ತಿ ತೆಗೆದುಬಿಡಿ ಎಂದವರನ್ನು ಕಾಕಾ ಚಹಾ ಕುಡಿಸಿ ಕಳಿಸುತ್ತಿದ್ದರು. ಮೆತ್ತಗೆ ಮಾಡಿ ಎಂದವರು ನನ್ನ ಪಾಲು.

ಎರಡನೆಯ ವರ್ಷದಲ್ಲಿ ನಾನು ಆ ಸದ್ದನ್ನು ಮಾಡಿದೆ. ಅದನ್ನು ನೂಲು ಎಂದು ಕರೆದೆ, ಅಷ್ಟು ಸಣ್ಣಗಿತ್ತು. ದೂರದ ಜೀರುಂಡೆಯ ದನಿಯನ್ನು ನಯ ಮಾಡಿದರೆ ಹೇಗಿರಬಹುದೋ ಹಾಗೆ. ನಾಯಿ ಬೊಗಳಲಿಲ್ಲ, ಗೋಡೆಯಾಚೆ ಹೋಗಲಿಲ್ಲ. ಆದರೂ ಮಚ್ಛೆಯ ಆ ಗದ್ದಲದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಏಕೆಂದರೆ ಲೇತು, ಪ್ರೆಸ್ಸು ಎಲ್ಲ ದಪ್ಪ ಸದ್ದುಗಳು. ಮೇಲಿನ ಸಣ್ಣ ಸ್ವರಗಳ ಜಾಗ ಖಾಲಿ ಇತ್ತು. ನಾನು ಆ ಖಾಲಿ ಜಾಗದಲ್ಲಿ ನೂಲನ್ನು ಕೂರಿಸಿದೆ. ಬಹಳ ಜಾಣತನದ ಕೆಲಸ ಎಂದುಕೊಂಡಿದ್ದೆ.

ಅಲ್ಲಿ ಎರಡು ಸಂಗತಿಗಳನ್ನು ನಾನು ನೋಡಲಿಲ್ಲ. ಕಾಕಾ ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕು. ಹಾಗಾಗಿ ನಮ್ಮ ಶೆಡ್ಡಿನ ಬಾಗಿಲು ಬಿಸಿಲಿರುವಾಗಲೇ ಬೀಳುತ್ತಿತ್ತು, ಬೆಳಿಗ್ಗೆ ತೆರೆಯುವಷ್ಟರಲ್ಲಿ ಬಾಜೂ ಲೇತುಗಳು ಶುರುವಾಗಿರುತ್ತಿದ್ದವು. ನಿಶ್ಶಬ್ದದಲ್ಲಿ ನಾವು ಯಾವ ಸದ್ದನ್ನೂ ಕೇಳಿ ನೋಡಿರಲೇ ಇಲ್ಲ. ಎರಡನೆಯದು, ಕೇಳಿದವರ ವಯಸ್ಸು. ಕಾರನ್ನು ಶೆಡ್ಡಿನ ಹಿಂದೆ ನಿಧಾನ ಓಡಿಸಿದಾಗ ಕೇಳಿಸಿತೆಂದು ಕೈ ಎತ್ತಿದ ಶೆಡ್ಡಿನ ಹುಡುಗರೆಲ್ಲ ಮೂವತ್ತರ ಒಳಗಿನವರು. ಕಾಕಾ ಕೊನೆಯಲ್ಲಿ ತಲೆಯಾಡಿಸಿ, ಛಲೋ ಐತಿ ಎಂದರು. ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿದೆ.

ಐದು ತಿಂಗಳಲ್ಲಿ ಹನ್ನೊಂದು ಕಾರುಗಳಿಗೆ ನೂಲು ಹೋಯಿತು. ಅವುಗಳಲ್ಲಿ ಒಂದು ಖಾನಾಪುರದ ಪಶುವೈದ್ಯರದು. ಮೃದು ಮಾತಿನ ಮನುಷ್ಯ. ಒಂದು ಬೆಳಿಗ್ಗೆ ಅವರೇ ಶೆಡ್ಡಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಳ್ಳಿಯ ದಾರಿಯಲ್ಲಿ ಕುರಿ ಹಿಂಡಿನ ಹಿಂದೆ ನಡೆಯುತ್ತಿದ್ದ ಮುದುಕನಿಗೆ ಅವರ ಕಾರು ತಾಗಿತ್ತು. ವೇಗವಿರಲಿಲ್ಲ, ನಡೆಯುವಷ್ಟೇ. ಆದರೆ ಬಿದ್ದ ಪೆಟ್ಟಿಗೆ ತೊಡೆಯ ಎಲುಬು ಮುರಿದಿತ್ತು. ಆ ಕುರಿಗಳಿಗೆ ಇವರೇ ಔಷಧ ಕೊಡುತ್ತಿದ್ದವರು.

“ನಾ ಹಾರ್ನ್ ಹೊಡೀಲಿಲ್ಲರೀ,” ಎಂದರು. “ಸದ್ದ ಬರ್ತದಲ್ಲ, ಸರೀತಾನು ಅಂತ ನಂಬಿದ್ದೆ.”

ಅವರು ನಮ್ಮನ್ನು ದೂರಲಿಲ್ಲ.

ಕಾಕಾ ಮತ್ತು ನಾನು ಅಂದೇ ಆಸ್ಪತ್ರೆಗೆ ಹೋದೆವು. ವಿಠೋಬಾ ಅಜ್ಜನಿಗೆ ಎಪ್ಪತ್ತರ ಮೇಲೆ ಆಗಿರಬಹುದು. ತನ್ನ ವಯಸ್ಸಿಗಿಂತ ಕುರಿಗಳ ವಯಸ್ಸು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರೂ, ಡಾಕ್ಟರ ಸಾಹೇಬರು ತನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕರೆತಂದದ್ದನ್ನು ಮೊದಲು ಹೇಳಿದ. ಹಿಂದೆ ಇದೇ ಡಾಕ್ಟರು ಅವನ ಟಗರನ್ನು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಒಯ್ದಿದ್ದರಂತೆ. ಟಗರಿಗಿಂತ ತನಗೆ ಒಂದು ಮೆಟ್ಟಿಲು ಮೇಲಿನ ಮರ್ಯಾದೆ ಸಿಕ್ಕಿತು ಎಂದು ನಕ್ಕ.

ನನ್ನ ಫೋನಿನಲ್ಲಿ ನೂಲು ಇತ್ತು. ಸದ್ದು ಪೂರ್ತಿ ಏರಿಸಿ ಅವನ ಕಿವಿಯ ಹತ್ತಿರ ಹಿಡಿದೆ. ಬಾಗಿಲಲ್ಲಿದ್ದ ನರ್ಸ್ ತಿರುಗಿ ನೋಡಿ ಮುಖ ಸಿಂಡರಿಸಿದಳು. ಪಕ್ಕದ ಹಾಸಿಗೆಯ ಹುಡುಗಿ ಕಿವಿ ಮುಚ್ಚಿಕೊಂಡಳು. ಅಜ್ಜ ನನ್ನ ಮುಖವನ್ನೇ ನೋಡುತ್ತ, ಸೌಜನ್ಯದಿಂದ ಕಾಯುತ್ತಿದ್ದ.

“ಹಚ್ಚಿ ಏನವಾ?” ಎಂದು, ಸದ್ದು ಇನ್ನೂ ಶುರುವಾಗಿಲ್ಲವೆಂಬಂತೆ ಕೇಳಿದ.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸಣ್ಣ ಸ್ವರಗಳನ್ನು. ಇದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ವಿಷಯ. ಅದನ್ನು ಕಾಕಾನಿಗೆ ಹೇಳತೊಡಗಿದೆ. ಅವರು ನಡುವೆ ತಡೆದರು.

“ನನಗೂ ಕೇಳಸ್ಲಿಲ್ಲ ತಂಗಿ.”

ಫೋನನ್ನು ಅವರಿಂದ ದೂರ ಹಿಡಿದಿದ್ದೆ ಎಂದೆ.

“ಇವತ್ತಿಂದಲ್ಲ. ಅವತ್ತೂ ಕೇಳಸ್ಲಿಲ್ಲ. ನೀವೆಲ್ಲಾ ಕೈ ಎತ್ತಿದ್ರಿ. ನಾ ಒಬ್ಬನ ಇಲ್ಲ ಅಂದ್ರ, ಕಾಕಾನ ಕಿವಿ ಹೋದವು ಅಂತೀರಿ ಅಂತ ಸುಮ್ಮ ಕುಂತೆ.”

ಅವರ ಮೇಲೆ ನನಗೆ ಸಿಟ್ಟು ಬಂತು. ತೋರಿಸಿಕೊಳ್ಳಲಿಲ್ಲ. ಕೇಳಿಸಲಿಲ್ಲ ಎಂಬ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು ಎಂದು ಬಸ್ಸಿನಲ್ಲಿ ಮಚ್ಛೆಯವರೆಗೆ ಯೋಚಿಸಿದೆ. ಆಮೇಲೆ ಆ ಪ್ರಶ್ನೆ ನನಗೇ ವಾಪಸ್ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಹತ್ತು ಕಾರುಗಳು ಬಂದವು. ಕೆಲವರು ಗೊಣಗಿದರು, ಕೆಲವರು ನಡುವೆಯೇ ಬುಲೆಟ್ ಸದ್ದು ಸಿಗುತ್ತದೆಯೇ ಎಂದು ಮತ್ತೆ ಕೇಳಿದರು. ವಕೀಲರು ಮಾತ್ರ ಬರಲಿಲ್ಲ. ನೂಲಿನಿಂದ ಅವರ ಮನೆಯಲ್ಲಿ ನೆಮ್ಮದಿಯಿತ್ತು. ಕಂಪನಿಯ ಸದ್ದಿಗೆ ಎಚ್ಚರವಾಗುತ್ತಿದ್ದ ಅವರ ತಾಯಿ ಈಗ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಮೂರನೆಯ ಸಲ ಫೋನ್ ಮಾಡಿದಾಗ ಅವರು ತಮ್ಮ ಷರತ್ತು ಹೇಳಿದರು.

“ತಪ್ಪ ಐತಿ ಅಂತ ಬರದ ಸಹಿ ಮಾಡಿ ಕೊಡ್ರಿ ಮೇಡಂ. ನಾಳೆನ ಗಾಡಿ ತಂದ ನಿಲ್ಲಸ್ತೀನಿ.”

ಕಾಕಾ ಬೇಡ ಎಂದರು. ವಕೀಲರ ಕೈಗೆ ಅಂಥ ಕಾಗದ ಕೊಟ್ಟರೆ ಶೆಡ್ಡು ಉಳಿಯುವುದಿಲ್ಲ ಎಂಬ ಭಯ ಅವರಿಗೆ. ನಾನೂ ಒತ್ತಾಯಿಸಲಿಲ್ಲ. ಆದರೆ ದಿನವೂ ಬೆಳಿಗ್ಗೆ ಆ ಮನೆಯ ಮುಂದೆ ಹೋಗಬೇಕಿತ್ತು. ವಕೀಲರ ತಾಯಿ, ಎಂಬತ್ತರ ಹೆಂಗಸು, ಗೇಟಿನ ಹೊರಗೆ ಬಗ್ಗಿ ರಂಗೋಲಿ ಹಾಕುತ್ತಿರುತ್ತಿದ್ದರು. ಅವರ ಬೆನ್ನು ಗೇಟಿನ ಕಡೆಗಿರುತ್ತಿತ್ತು. ಗೇಟಿನೊಳಗೆ ಕಾರು. ನಾನು ನಡಿಗೆ ನಿಧಾನ ಮಾಡಿ, ಅವರು ಎದ್ದು ಒಳಗೆ ಹೋಗುವವರೆಗೆ ಚಪ್ಪಲಿ ಸರಿಮಾಡಿಕೊಳ್ಳುತ್ತಲೋ ಚೀಲದಲ್ಲಿ ಏನೋ ಹುಡುಕುತ್ತಲೋ ನಿಲ್ಲುತ್ತಿದ್ದೆ. ಎಷ್ಟೋ ಬಸ್ಸು ತಪ್ಪಿದವು. ಬೇರೆ ದಾರಿಯಲ್ಲಿ ಹೋಗಿ ನೋಡಿದೆ. ಹಾಗೆ ಹೋದ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ನಮ್ಮ ಕೆಲಸದ ರೀತಿ ಬದಲಾದದ್ದು ವಿಠೋಬಾ ಅಜ್ಜನಿಂದ. ಕಾಲು ಕೂಡಿದ ಮೇಲೆ ಅವನಿಗೆ ದೂರ ನಡೆಯಲು ಆಗುತ್ತಿರಲಿಲ್ಲ. ಹಿಂಡನ್ನು ಮಗನಿಗೆ ಬಿಟ್ಟು, ಏಳೆಂಟು ಕುರಿಗಳನ್ನು ಇಟ್ಟುಕೊಂಡು ಊರ ಹೊರಗೆ ರಸ್ತೆ ಬದಿಯ ಚಪ್ಪಟೆ ಕಲ್ಲಿನ ಮೇಲೆ ಕೂರುತ್ತಿದ್ದ. ಅಲ್ಲಿ ಬೆಳಗಿನ ಹೊತ್ತು ಎಲೆ ಬಿದ್ದರೂ ಕೇಳಿಸುತ್ತದೆ. ಪ್ರತಿ ಹೊಸ ಸದ್ದನ್ನೂ ಅಲ್ಲಿಗೆ ಒಯ್ಯಬೇಕೆಂದು ನಾನು ನಿಯಮ ಮಾಡಿದೆ. ಅಜ್ಜ ರಸ್ತೆಗೆ ಬೆನ್ನು ಕೊಟ್ಟು ಕೂರುತ್ತಾನೆ, ಹಿಂದಿನಿಂದ ಕಾರು ನಿಧಾನ ಬರುತ್ತದೆ, ಕೇಳಿಸಿದ ಕೂಡಲೇ ಅವನು ಕೋಲು ಎತ್ತುತ್ತಾನೆ. ಕೋಲು ಎದ್ದಾಗ ಕಾರು ಇದ್ದ ಜಾಗಕ್ಕೂ ಕಲ್ಲಿಗೂ ಇರುವ ದೂರವನ್ನು ನಾನು ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳುತ್ತೇನೆ. ಶೆಡ್ಡಿನ ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಬಂದ ಎಷ್ಟೋ ಸದ್ದುಗಳು ಅಜ್ಜನ ಬೆನ್ನಿನ ಹಿಂದೆ ಸೋತವು.

“ಮೊದ್ಲ ಬರೇ ಕುರಿ ಕಾಯತಿದ್ದೆ,” ಎನ್ನುತ್ತಿದ್ದ. “ಈಗ ನಿಮ್ಮ ಮೋಟರನ್ನೂ ಕಾಯಾಕತ್ತೇನಿ.”

ಅಲ್ಲಿಯೂ ನಾನು ಎಡವಿದೆ. ಪಶುವೈದ್ಯರ ಕಾರಿಗೆ ಕುರಿಗಳು ದಾರಿ ಬಿಡುತ್ತಿರಲಿಲ್ಲ. ಅಜ್ಜ ನಾಲಿಗೆಯಿಂದ ಲೊಚಗುಟ್ಟಿ ತೆಗೆಯುವ ಒಂದು ದನಿಗೆ ಅವು ತಟ್ಟನೆ ಕದಲುವುದನ್ನು ನೋಡಿದ್ದೆ. ಅದನ್ನು ರೆಕಾರ್ಡ್ ಮಾಡಿ, ನಯಗೊಳಿಸಿ, ಕಾರಿಗೆ ಹಾಕಿದೆ. ಅಜ್ಜನನ್ನು ಒಂದು ಮಾತು ಕೇಳಲಿಲ್ಲ. ಮಾರನೆಯ ದಿನ ವೈದ್ಯರು ಫೋನ್ ಮಾಡಿದರು. ಅದು ಮೇವಿಗೆ ಕರೆಯುವ ದನಿಯಂತೆ. ಊರ ಕುರಿಗಳೆಲ್ಲ ಕಾರನ್ನು ಸುತ್ತುವರಿದು ನಿಂತಿದ್ದವು, ಕೆಲವು ಮುಂಗಾಲನ್ನು ಬಾನೆಟ್ಟಿನ ಮೇಲೆ ಇಟ್ಟಿದ್ದವು. ಹಿನ್ನೆಲೆಯಲ್ಲಿ ಅಜ್ಜ ನಗುವುದು ನನಗೆ ಫೋನಿನಲ್ಲೇ ಕೇಳಿಸುತ್ತಿತ್ತು. ಹೊಸಬರು ಇದನ್ನು ತಮಾಷೆ ಎಂದು ಓದಿ ಬಿಡಬಾರದು. ಯಾವ ಸದ್ದು ಯಾರಿಗೆ ಏನು ಹೇಳುತ್ತದೆ ಎಂದು ಅವರನ್ನೇ ಕೇಳಬೇಕು.

ಕೊನೆಗೆ ನಮ್ಮ ಕೈಗೆ ಬಂದದ್ದು ಎರಡು ಪದರಿನ ಸದ್ದು. ಕೆಳಗೆ ಗುಂಯ್ ಎನ್ನುವ ದಪ್ಪ ದನಿ, ಮುದುಕರ ಕಿವಿಗೆ. ಮೇಲೆ ತೆಳ್ಳಗಿನದೊಂದು, ಕಾರು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳಲಿಕ್ಕೆ. ವೇಗ ಏರಿದಂತೆ ಎರಡೂ ಏರುತ್ತವೆ. ಆ ಹೊತ್ತಿಗೆ ಪಾಲಿಟೆಕ್ನಿಕ್ ಮುಗಿಸಿದ ಶಬಾನಾ ನನ್ನ ಜೊತೆ ಕೆಲಸಕ್ಕೆ ಸೇರಿದ್ದಳು. ಮೇಲಿನ ಪದರನ್ನು ಕೂರಿಸಿದ್ದು ಅವಳೇ.

ಇನ್ನೊಂದು ನಿಯಮವನ್ನೂ ಬರೆದು ಗೋಡೆಗೆ ಅಂಟಿಸಿದೆ. ಸದ್ದಿಗೆ ಸಹಿ ಹಾಕುವವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ಸ್ವರ ಕೇಳಿಸದಿದ್ದರೂ ಸಹಿ ಹಾಕುವಂತಿಲ್ಲ. ಕಾಕಾ ಅದನ್ನು ಓದಿ, ಸಹಿ ಹಾಕುವ ತಮ್ಮ ಪೆನ್ನನ್ನು ಶಬಾನಾಳಿಗೆ ಕೊಟ್ಟರು. ಅದು ನನಗೆ ಸ್ವಲ್ಪ ಸಮಾಧಾನವನ್ನೂ ಕೊಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ. ಪರೀಕ್ಷೆಯನ್ನು ಶೆಡ್ಡಿನ ಲ್ಯಾಪ್‌ಟಾಪಿನಲ್ಲಿ ನಾನೇ ಸಿದ್ಧಮಾಡಿದೆ. ಹೆಡ್‌ಫೋನ್ ಹಾಕಿ ಕೂತರೆ ಸ್ವರಗಳು ಒಂದೊಂದಾಗಿ ಬರುತ್ತವೆ. ಕೇಳಿಸಿದಾಗ ಗುಂಡಿ ಒತ್ತಬೇಕು.

ಆರನೆಯ ವರ್ಷ ಪರೀಕ್ಷೆಗೆ ಕೂತಾಗ ಒಂದು ಕಡೆ ಸ್ವರ ಬರಬೇಕಾದಲ್ಲಿ ಬರಲಿಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಎಂದುಕೊಂಡೆ. ಕೈ ಮಾತ್ರ ಗುಂಡಿ ಒತ್ತಿತು. ಪರೀಕ್ಷೆ ಮಾಡಿದವಳು ನಾನೇ. ಯಾವುದರ ಹಿಂದೆ ಯಾವುದು ಎಂದು ಬೆರಳಿಗೇ ಗೊತ್ತಿತ್ತು. ಏಳನೆಯ ವರ್ಷ ಅಂಥವು ಮೂರಾದವು. ಮೂರಕ್ಕೂ ಒತ್ತಿದೆ. ಎರಡೂ ಸಲ ಫಲಿತಾಂಶದ ಕೆಳಗೆ ಸಹಿ ಹಾಕಿದೆ. ವರ್ಷಗಟ್ಟಲೆ ಸ್ಪೀಕರಿಗೆ ಮುಖ ಕೊಟ್ಟು, ತೆರೆದ ಕಿವಿಯಲ್ಲಿ ಕೆಲಸ ಮಾಡಿದ್ದೆ. ಕಾಕಾ ಕಿವಿಗೆ ಹಾಕುವ ಕವಚ ತಂದು ಮೊಳೆಗೆ ನೇತುಹಾಕಿದ್ದರು. ಅದನ್ನು ಹಾಕಿಕೊಂಡರೆ ನನಗೆ ಕೆಲಸವೇ ಆಗುವುದಿಲ್ಲ ಎನ್ನುತ್ತಿದ್ದೆ. ನೀವು ಹಾಕಿಕೊಳ್ಳಿ. ಸದ್ದನ್ನು ಅಳೆಯಲು ಯಂತ್ರವಿದೆ, ಕಿವಿ ಬದಲಿಸಲು ಏನೂ ಇಲ್ಲ.

ರಸ್ತೆಯಲ್ಲಿ ನನಗೆ ಎಲ್ಲ ಸರಿಯಾಗಿ ಕೇಳಿಸುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಒಂದೇ ತಲೆಯಲ್ಲಿ ಎರಡು ಮುಚ್ಚುಮರೆ ಇಟ್ಟುಕೊಂಡು ಇರಲು ನನ್ನಿಂದ ಆಗಲಿಲ್ಲ. ಸದಾಶಿವನಗರದ ಗೇಟಿನ ಮುಂದೆ ನಿಲ್ಲುವ ಹೊತ್ತು ಹೆಚ್ಚುತ್ತಾ ಹೋಯಿತು. ಒಂದು ಭಾನುವಾರ, ಕಾಕಾನಿಗೂ ಹೇಳದೆ, ಕಾಗದ ಬರೆದೆ. ನೂಲು ಎಂಬ ಸದ್ದನ್ನು ನಾನು ಮಾಡಿದೆ, ವಯಸ್ಸಾದವರಿಗೆ ಅದು ಕೇಳಿಸುವುದಿಲ್ಲ, ಕೇಳಿಸದೆ ಖಾನಾಪುರದ ಒಬ್ಬ ಮುದುಕನ ಕಾಲು ಮುರಿದಿದೆ, ತಪ್ಪು ನನ್ನದು. ಕೆಳಗೆ ಹೆಸರು, ಸಹಿ. ಆ ಗೇಟನ್ನು ಮೊದಲ ಸಲ ತಳ್ಳಿಕೊಂಡು ಒಳಗೆ ಹೋಗಿ ವಕೀಲರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ನನ್ನನ್ನು ಕೂರಿಸಿದರು. ತಾಯಿಯೇ ಚಹಾ ತಂದುಕೊಟ್ಟರು.

“ಕಾಗದ ಸಾಲೂದಿಲ್ಲರೀ ಮೇಡಂ,” ಎಂದರು ವಕೀಲರು. “ಸಾಕ್ಷಿ ಬೇಕು. ಆ ಮುದಕಾಗ ಖರೇನ ಕೇಳೂದಿಲ್ಲೋ, ನಾನ ಗಾಡಿ ಹೊಡದ ನೋಡ್ತೀನಿ.”

ಹಠವೋ ಕುತೂಹಲವೋ ತಿಳಿಯಲಿಲ್ಲ. ನಾನು ಒಪ್ಪಿದೆ. ಮರುದಿನ ಬೆಳಿಗ್ಗೆ ನಾವು ಖಾನಾಪುರದ ಕಲ್ಲಿನ ಬಳಿ ಇದ್ದೆವು. ಶಬಾನಾ ದೂರ ಅಳೆಯಲು ರಸ್ತೆ ಬದಿಗೆ ನಿಂತಳು. ವ್ಯವಸ್ಥೆ ಸರಳವಾಗಿತ್ತು: ಅಜ್ಜನ ಪಕ್ಕ ನಾನೂ ಬೆನ್ನು ಮಾಡಿ ಕೂರಬೇಕು. ಕೇಳಿಸಿದಾಗ ಅವನು ಕೋಲು ಎತ್ತುತ್ತಾನೆ, ನಾನು ಕೈ ಎತ್ತುತ್ತೇನೆ. ನನ್ನ ಕೈ ಎದ್ದಾಗ ಕಾರು ಎಲ್ಲಿತ್ತು, ಅವನ ಕೋಲು ಎದ್ದಾಗ ಎಲ್ಲಿತ್ತು, ಆ ಅಂತರವೇ ಸಾಕ್ಷಿ. ವಕೀಲರು ಕಾರನ್ನು ಇನ್ನೂರು ಹೆಜ್ಜೆ ಹಿಂದಕ್ಕೆ ಒಯ್ದರು.

ಕಲ್ಲು ತಣ್ಣಗಿತ್ತು. ಗಾಳಿ ಇರಲಿಲ್ಲ. ಎದುರಿಗೆ ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಅವು ಹುಲ್ಲು ಕಚ್ಚುವ ಸದ್ದು ನನಗೆ ಕೇಳಿಸುತ್ತಿತ್ತು. ಕೈಯನ್ನು ಮೊಣಕಾಲಿನ ಮೇಲೆ ಸಿದ್ಧವಾಗಿ ಇಟ್ಟುಕೊಂಡಿದ್ದೆ. ವಕೀಲರು ತಡಮಾಡುತ್ತಿದ್ದಾರೆ ಎಂದುಕೊಂಡೆ. ಕಾರು ಶುರು ಮಾಡಲು ಏನು ತೊಂದರೆಯೋ ಎಂದುಕೊಂಡೆ. ಕಿವಿಯ ತುಂಬ ನನ್ನ ಉಸಿರು ಮತ್ತು ಆ ಹುಲ್ಲಿನ ಸದ್ದು, ಬೇರೆ ಏನೂ ಇರಲಿಲ್ಲ.

ಆಗ ಒಂದು ಕುರಿ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು. ಆಮೇಲೆ ಇನ್ನೊಂದು. ಎಲ್ಲವೂ ನಮ್ಮಿಬ್ಬರ ಹೆಗಲಿನ ನಡುವೆ, ನಮ್ಮ ಹಿಂದೆ ಏನನ್ನೋ ನೋಡುತ್ತಿದ್ದವು.

ನಾನು ತಿರುಗಿದೆ. ಕಾರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತ್ತು. ಗಾಜಿನ ಹಿಂದೆ ವಕೀಲರ ಮುಖ ಬಿಳಿಚಿಕೊಂಡಿತ್ತು. ಅವರು ಇಳಿದು ಬಂದರು. ನನ್ನನ್ನು ಹಂಗಿಸಬಹುದಿತ್ತು, ಹಂಗಿಸಲಿಲ್ಲ.

“ಅವ್ವ ದಿನಾ ಗೇಟಿನ ಮುಂದ ರಂಗೋಲಿ ಹಾಕ್ತಾಳ,” ಎಂದರು. “ಇದನ್ನ ಇವತ್ತ ತಗೀರಿ.”

ವಿಠೋಬಾ ಅಜ್ಜ ನನ್ನ ಮೊಣಕಾಲಿನ ಮೇಲೆ ಇನ್ನೂ ಹಾಗೆಯೇ ಇದ್ದ ಕೈಯನ್ನು ನೋಡಿದ. ಕಲ್ಲಿನ ಮೇಲೆ ಸ್ವಲ್ಪ ಆಚೆ ಸರಿದು, ನನಗೆ ಇನ್ನಷ್ಟು ಜಾಗ ಮಾಡಿಕೊಟ್ಟ.

“ಬರೋಬ್ಬರಿ ಕುಂದರವಾ,” ಎಂದ. “ಇನ್ನ ಈ ಕಲ್ಲ ನಿಂದೂ ಹೌದು.”

ಮಧ್ಯಾಹ್ನದೊಳಗೆ ಮಚ್ಛೆಯಲ್ಲಿ ಹನ್ನೊಂದನೆಯ ಕಾರಿನಿಂದ ನೂಲು ಹೋಯಿತು, ಎರಡು ಪದರಿನ ಸದ್ದು ಬಂತು. ಮೇಲಿನ ಪದರನ್ನು ನಾನು ಕೇಳಲು ಯತ್ನಿಸಲಿಲ್ಲ. ಶಬಾನಾ ಕೇಳಿದಳು. ರಿಜಿಸ್ಟರ್ ತೆಗೆದು ಆ ಬೆಳಗಿನ ಪರೀಕ್ಷೆಯನ್ನು ಬರೆದೆ: ವಿಠೋಬಾ, ಕೇಳಿಸಲಿಲ್ಲ. ಅದರ ಕೆಳಗೆ ನನ್ನ ಹೆಸರು, ಕೇಳಿಸಲಿಲ್ಲ. ಹಿಂದಿನ ಎರಡು ಕಿವಿ ಪರೀಕ್ಷೆಗಳ ಹಾಳೆಗೆ ಹೋಗಿ, ನನ್ನ ಸಹಿಗಳ ಮೇಲೆ ಗೆರೆ ಎಳೆದು, ಕಾರಣ ಬರೆದೆ. ಆ ಎರಡು ವರ್ಷಗಳಲ್ಲಿ ನಾನು ಸಹಿ ಹಾಕಿದ ಕಾರುಗಳ ಪಟ್ಟಿಯನ್ನು ಶಬಾನಾಳಿಗೆ ಕೊಟ್ಟೆ. ಅವಳು ಈಗ ಒಂದೊಂದನ್ನೇ ಕರೆಸಿ ಕೇಳುತ್ತಿದ್ದಾಳೆ. ಈವರೆಗೆ ಎಲ್ಲ ಸರಿ ಇವೆ. ಪಟ್ಟಿ ಇನ್ನೂ ಮುಗಿದಿಲ್ಲ. ಅವಳ ಫೋನ್ ಬಂದಾಗಲೆಲ್ಲ ನಾನು ಎದ್ದು ನಿಂತೇ ಮಾತಾಡುತ್ತೇನೆ.

ಪೆನ್ನಿಗೆ ಮುಚ್ಚಳ ಹಾಕುವಾಗ ಹಿಂದೆ ಯಾರೋ ಕೆಮ್ಮಿದರು. ತಿರುಗಿದೆ. ಊಟದ ಡಬ್ಬಿ ಹಿಡಿದ ಕಾಕಾ ತಮ್ಮದೇ ಶೆಡ್ಡಿನ ಬಾಗಿಲಲ್ಲಿ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದರು. ಶಬಾನಾ ಅವರಿಗೆ ಎಲ್ಲ ಹೇಳಿದ್ದಳು.

“ಕೇಳಸ್ತೇನ ತಂಗಿ?” ಎಂದರು.

ಕೇಳಿಸಿತು ಎಂದೆ. ಆಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಅವರು ನನಗೆ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ: ಇವತ್ತಿಂದಲ್ಲ, ಮೊದಲೂ ಕೇಳಿಸಿರಲಿಲ್ಲ, ಸುಮ್ಮನಿದ್ದೆ.